ದಾವೆಯ ಖರ್ಚು ಯಾರ ತಲೆಗೆ?

ಸಿವಿಲ್ ದಾವೆಯಲ್ಲಿ ಗೆದ್ದವರ ಖರ್ಚನ್ನು ಸೋತವರು ತೆರಬೇಕೆಂಬುದು ನಮ್ಮ ದೇಶದ ಕಾನೂನು ಒಪ್ಪಿಕೊಂಡಿರುವ ಸಾಮಾನ್ಯ ತತ್ವ. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಜಮೀನಿನ ಪಾಲು, ಬದುವಿನ ಒತ್ತುವರಿ, ದಾರಿಯ ಹಕ್ಕು, ಕೈಸಾಲದ ವಸೂಲಿ ಮುಂತಾದ ಕಾರಣಗಳಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಕ್ಷಿದಾರರು, ವರ್ಷಗಳ ನಂತರ ಡಿಕ್ರಿಯ ನಕಲನ್ನು ಕೈಗೆ ತೆಗೆದುಕೊಂಡಾಗ, ಅದರಲ್ಲಿ ನಮೂದಾದ ಖರ್ಚಿನ ಮೊತ್ತಕ್ಕೂ ತಾವು ನಿಜವಾಗಿ ವ್ಯಯಿಸಿದ ಹಣಕ್ಕೂ ಬಹಳ ದೊಡ್ಡ ಅಂತರವಿರುವುದನ್ನು ಕಾಣುತ್ತಾರೆ. ಈ ಅಂತರದ ಒಂದು ಭಾಗ ಕಾನೂನಿನ ಮಿತಿಯಿಂದ ಹುಟ್ಟಿದ್ದು. ಇನ್ನೊಂದು ಭಾಗ, ಕೇಳಬೇಕಾದುದನ್ನು ಕೇಳಬೇಕಾದ ಹೊತ್ತಿಗೆ ಕೇಳದೆ ಬಿಟ್ಟದ್ದರಿಂದ ಹುಟ್ಟಿದ್ದು. ಮೊದಲನೆಯದನ್ನು ಕಕ್ಷಿದಾರರು ಬದಲಿಸಲಾರರು. ಎರಡನೆಯದನ್ನು ಖಂಡಿತವಾಗಿ ಬದಲಿಸಬಲ್ಲರು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಡುವುದು ಅಗತ್ಯ. ಅಮೆರಿಕದ ಚಲನಚಿತ್ರಗಳಲ್ಲಿ ಕಾಣುವಂತೆ ಸಾಮಾನ್ಯ ನಾಗರಿಕರ ಗುಂಪೊಂದು, ಎಂದರೆ ಜ್ಯೂರಿ, ಹಣದ ಅಥವಾ ಆಸ್ತಿಯ ವ್ಯಾಜ್ಯವನ್ನು ಕೇಳಿ ನಿರ್ಣಯಿಸುವ ಪದ್ಧತಿ ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿಲ್ಲ. ಸೆಷನ್ಸ್ ನ್ಯಾಯಾಲಯಗಳ ಕ್ರಿಮಿನಲ್ ವಿಚಾರಣೆಯಲ್ಲಿ ಬಳಕೆಯಲ್ಲಿದ್ದ ಜ್ಯೂರಿಗೂ, 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಾನ ಉಳಿಯಲಿಲ್ಲ. ಅಮೆರಿಕದಲ್ಲಿ ಜ್ಯೂರಿಯ ಸದಸ್ಯರ ದಿನಭತ್ಯೆಯನ್ನು ಫೆಡರಲ್ ನ್ಯಾಯಾಲಯಗಳಲ್ಲಿ ಸರ್ಕಾರವೇ ಭರಿಸುತ್ತದೆ. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಜ್ಯೂರಿ ಬೇಕೆಂದು ಕೇಳುವ ಕಕ್ಷಿದಾರ ಮುಂಗಡ ಶುಲ್ಕ ಕಟ್ಟಬೇಕು. ವಕೀಲರ ಶುಲ್ಕವನ್ನಂತೂ ಗೆದ್ದರೂ ಸೋತರೂ ಸಾಮಾನ್ಯವಾಗಿ ಅವರವರೇ ಹೊರುತ್ತಾರೆ. ಇಂಗ್ಲೆಂಡಿನ ರೂಢಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಸೋತವರು ಗೆದ್ದವರ ವಕೀಲರ ಶುಲ್ಕವನ್ನೂ ತೆರಬೇಕು, ಮತ್ತು 1908ರ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಅನುಸರಿಸಿದ್ದು ಈ ಮಾರ್ಗವನ್ನೇ. ಅದಕ್ಕೂ ಹಿಂದೆ, ಮರಾಠರ ಆಡಳಿತದಲ್ಲಿ, ಸೋತವರಿಂದ ಗುನ್ಹೆಗಾರಿ ಎಂಬ ದಂಡವನ್ನೂ ಗೆದ್ದವರಿಂದ ಹರ್ಕಿ ಎಂಬ ಕಾಣಿಕೆಯನ್ನೂ ಸರ್ಕಾರವೇ ವಸೂಲು ಮಾಡುತ್ತಿತ್ತೆಂಬುದು, ಗೆಲುವಿಗೂ ಬೆಲೆ ತೆರಬೇಕಾದ ಸ್ಥಿತಿ ಹೊಸತಲ್ಲವೆಂಬುದನ್ನು ತೋರಿಸುತ್ತದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಂ ಪ್ರಕಾರ ಖರ್ಚನ್ನು ಯಾರು, ಎಷ್ಟು, ಯಾವ ಆಸ್ತಿಯಿಂದ ಕೊಡಬೇಕೆಂದು ತೀರ್ಮಾನಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯ. ಆದರೆ ಗೆದ್ದವರಿಗೆ ಖರ್ಚು ಸಲ್ಲಬಾರದೆಂದು ತೀರ್ಮಾನಿಸಿದರೆ ಅದಕ್ಕೆ ಕಾರಣವನ್ನು ಲಿಖಿತವಾಗಿ ದಾಖಲಿಸಲೇಬೇಕೆಂದು ಅದೇ ಕಲಂ ವಿಧಿಸುತ್ತದೆ. ಖರ್ಚು ಸಿಗುವುದು ನಿಯಮ, ಸಿಗದಿರುವುದು ಅಪವಾದ ಎಂಬುದು ಇದರ ತಾತ್ಪರ್ಯ. ತೀರ್ಪಿನ ಕೊನೆಯ ಸಾಲು "ಖರ್ಚಿನೊಂದಿಗೆ ಡಿಕ್ರಿ" ಎಂದಿದೆಯೋ, "ಉಭಯ ಪಕ್ಷಕಾರರು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು" ಎಂದಿದೆಯೋ ಎಂಬುದನ್ನು ಪ್ರತಿಯೊಬ್ಬ ಕಕ್ಷಿದಾರರೂ ಮೊದಲು ಓದಿ ನೋಡಬೇಕು.

ದಾವೆ ಹೂಡುವ ದಿನದ ಖರ್ಚು

ದಾವೆ ಹೂಡುವ ದಿನ ಎಲ್ಲ ಖರ್ಚನ್ನೂ ವಾದಿಯೇ ಮುಂಗಡವಾಗಿ ಹಾಕಬೇಕು. ಅದರಲ್ಲಿ ಮೊದಲನೆಯದು ನ್ಯಾಯಾಲಯ ಶುಲ್ಕ, ರೂಢಿಯ ಮಾತಿನಲ್ಲಿ ಕೋರ್ಟ್ ಫೀ. ಇದನ್ನು 1958ರ ಕರ್ನಾಟಕ ನ್ಯಾಯಾಲಯ ಶುಲ್ಕಗಳ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ ನಿರ್ಧರಿಸುತ್ತದೆ. ಹಣ ವಸೂಲಿಯ ದಾವೆಯಲ್ಲಿ ಶುಲ್ಕವು ಕೇಳುವ ಮೊತ್ತಕ್ಕೆ ಅನುಗುಣವಾಗಿ ಹಂತಹಂತವಾಗಿ ಏರುತ್ತದೆ. ಕಾಯ್ದೆಯ ಮೊದಲ ಅನುಸೂಚಿಯಂತೆ 15,000 ರೂಪಾಯಿವರೆಗೆ ಶೇಕಡಾ 2.5, ಅಲ್ಲಿಂದ 75,000 ರೂಪಾಯಿವರೆಗಿನ ಭಾಗಕ್ಕೆ ಶೇಕಡಾ 7.5, ಅದರ ಮೇಲೆ 2,50,000 ರೂಪಾಯಿವರೆಗಿನ ಭಾಗಕ್ಕೆ ಶೇಕಡಾ 7 ಎಂದು ಲೆಕ್ಕ ಹಾಕಲಾಗುತ್ತದೆ. ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಮಾರಿದ ಅಡಿಕೆಯ ಬಾಕಿಗಾಗಿ 2,00,000 ರೂಪಾಯಿಯ ದಾವೆ ಹೂಡುವುದಾದರೆ ಮೊದಲ 15,000ಕ್ಕೆ 375, ಮುಂದಿನ 60,000ಕ್ಕೆ 4,500, ಉಳಿದ 1,25,000ಕ್ಕೆ 8,750, ಒಟ್ಟು 13,625 ರೂಪಾಯಿ ಶುಲ್ಕವಾಗುತ್ತದೆ. ದರಗಳು ತಿದ್ದುಪಡಿಗೆ ಒಳಪಡುವುದರಿಂದ ವಾದಪತ್ರ ಸಲ್ಲಿಸುವ ಮುನ್ನ ನ್ಯಾಯಾಲಯದ ಶಿರಸ್ತೇದಾರರ ಬಳಿ ಅಂದಿನ ದರವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಈ ಮೊತ್ತ ಸಣ್ಣದೇನೂ ಅಲ್ಲ. ಬಾಕಿ ಉಳಿಸಿಕೊಂಡವನು ನೆಮ್ಮದಿಯಾಗಿದ್ದಾಗ ಬಾಕಿ ಬರಬೇಕಾದವನು ಇನ್ನಷ್ಟು ಹಣ ಹೊಂದಿಸಬೇಕಾದ ಈ ವ್ಯವಸ್ಥೆಯಿಂದಾಗಿಯೇ ನ್ಯಾಯವಾದ ಎಷ್ಟೋ ಬೇಡಿಕೆಗಳು ನ್ಯಾಯಾಲಯದವರೆಗೆ ಬರುವುದಿಲ್ಲ.

ಜಮೀನಿನ ದಾವೆಗಳ ಲೆಕ್ಕ ಬೇರೆ. ಕಂದಾಯಕ್ಕೆ ಒಳಪಟ್ಟ ಕೃಷಿ ಜಮೀನಿನ ಮಾರುಕಟ್ಟೆ ಮೌಲ್ಯವನ್ನು, ಕಾಯ್ದೆಯ 7ನೆಯ ಕಲಂ ಹೆಸರಿಸುವ ದಾವೆಗಳ ಮಟ್ಟಿಗೆ, ಅದರ ಸರ್ವೆ ಕಂದಾಯದ 25 ಪಟ್ಟು ಎಂದು ಪರಿಗಣಿಸಲಾಗುವುದರಿಂದ, ತುಂಗಭದ್ರೆಯ ದಂಡೆಯ ಗದ್ದೆಗೂ ಜಗಳೂರಿನ ಮಳೆಯಾಶ್ರಿತ ಹೊಲಕ್ಕೂ ಶುಲ್ಕ ಇಂದಿನ ಮಾರಾಟದ ಬೆಲೆಯ ಮೇಲೆ ಬೀಳುವುದಿಲ್ಲ. ಹಕ್ಕಿನ ಪ್ರಶ್ನೆ ಏಳದ ಸರಳ ಶಾಶ್ವತ ತಡೆಯಾಜ್ಞೆಯ ದಾವೆಗೆ ವಾದಿಯೇ ಹಾಕಿದ ಮೌಲ್ಯ ಅಥವಾ 1,000 ರೂಪಾಯಿ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ ತೆರಬೇಕು. ಅನೇಕ ವಾದಪತ್ರಗಳಲ್ಲಿ ಬರೀ 25 ರೂಪಾಯಿಯ ಶುಲ್ಕ ಕಾಣುವುದು ಈ ಕಾರಣಕ್ಕೆ. ಎದುರಾಳಿ ವಾದಿಯ ಹಕ್ಕನ್ನೇ ಅಲ್ಲಗಳೆದು ಆ ಬಗ್ಗೆ ವಿವಾದಾಂಶ ರೂಪುಗೊಂಡರೆ ಶುಲ್ಕವೂ ಬದಲಾಗಿ, ಆಸ್ತಿಯ ಮೌಲ್ಯದ ಅರ್ಧದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ. ಶುಲ್ಕ ಕಡಿಮೆ ಬಿತ್ತೆಂದು ತಕ್ಷಣ ವಾದಪತ್ರ ತಿರಸ್ಕೃತವಾಗುವುದಿಲ್ಲ. ಕೊರತೆಯನ್ನು ತುಂಬಲು ನ್ಯಾಯಾಲಯ ಸಮಯ ಕೊಡುತ್ತದೆ, ಕೊಟ್ಟ ಸಮಯದಲ್ಲಿ ತುಂಬದಿದ್ದರೆ ಮಾತ್ರ ತಿರಸ್ಕರಿಸುತ್ತದೆ.

ಶುಲ್ಕದ ನಂತರ ಬರುವುದು ಸಮನ್ಸ್ ಜಾರಿಯ ಪ್ರೋಸೆಸ್ ಫೀ, ವಕಾಲತ್ತಿಗೆ ಹಚ್ಚುವ ಸ್ಟಾಂಪು, ಪಹಣಿ, ಮ್ಯುಟೇಶನ್, ಸರ್ವೆ ಟಿಪ್ಪಣಿ, ನೋಂದಾಯಿತ ಪತ್ರಗಳ ದೃಢೀಕೃತ ನಕಲುಗಳ ಖರ್ಚು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ; ಅದಕ್ಕೂ ಮುಂಚೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಹೀಗಾಗಿ ಹಳೆಯ ದಾಖಲೆ ಬೇಕಾದವರು ಆ ಊರುಗಳಿಗೂ ಅಲೆಯಬೇಕಾಗಬಹುದು. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಜನರಿಗೆ ಶಿವಮೊಗ್ಗ ಹತ್ತಿರವಾದರೂ ಜಿಲ್ಲಾ ನ್ಯಾಯಾಲಯದ ಕೆಲಸಕ್ಕೆ ದಾವಣಗೆರೆಗೇ ಹೋಗಬೇಕು. ಉಚ್ಚ ನ್ಯಾಯಾಲಯದ ಧಾರವಾಡ ಪೀಠ ಅಷ್ಟು ದೂರವಿಲ್ಲದಿದ್ದರೂ ಈ ಜಿಲ್ಲೆಯ ಎರಡನೆಯ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೇ ಸಲ್ಲುತ್ತವೆ. ಬಸ್ಸಿನ ಚಾರ್ಜು, ಊಟ, ಕೆಲಸ ಬಿಟ್ಟು ಬಂದ ದಿನದ ಕೂಲಿ ಇವೆಲ್ಲ ಕಕ್ಷಿದಾರರ ಜೇಬಿನಿಂದ ಹೋಗುವ ಖರ್ಚೇ ಆದರೂ, ಗೆದ್ದ ಮೇಲೆ ಎದುರಾಳಿಯಿಂದ ವಾಪಸು ಬರುವ ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಇವುಗಳಿಗೆ ಜಾಗವಿಲ್ಲ.

ಡಿಕ್ರಿಯ ಕೆಳಗಿನ ಪಟ್ಟಿ

ತೀರ್ಪು ಬೇರೆ, ಡಿಕ್ರಿ ಬೇರೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ತೀರ್ಪಿನಲ್ಲಿ ನ್ಯಾಯಾಧೀಶರ ಕಾರಣಗಳಿರುತ್ತವೆ. ಆ ತೀರ್ಪಿನ ಫಲವನ್ನು, ಯಾರಿಗೆ ಏನು ಸಲ್ಲಬೇಕೆಂಬುದನ್ನು, ಜಾರಿ ಮಾಡಲು ತಕ್ಕಂತೆ ಸಂಕ್ಷಿಪ್ತವಾಗಿ ಹೇಳುವ ದಾಖಲೆಯೇ ಡಿಕ್ರಿ. ಅದರ ಕೆಳಭಾಗದಲ್ಲಿ ಎರಡು ಅಂಕಣಗಳ ಒಂದು ಪಟ್ಟಿ ಇರುತ್ತದೆ. ಎಡಗಡೆ ವಾದಿಯ ಖರ್ಚು, ಬಲಗಡೆ ಪ್ರತಿವಾದಿಯ ಖರ್ಚು. ವಾದಪತ್ರದ ಸ್ಟಾಂಪು, ವಕಾಲತ್ತಿನ ಸ್ಟಾಂಪು, ದಾಖಲೆಗಳ ಸ್ಟಾಂಪು, ವಕೀಲರ ಶುಲ್ಕ, ಸಾಕ್ಷಿಗಳ ಭತ್ಯೆ, ಕಮಿಷನರ್ ಶುಲ್ಕ, ಸಮನ್ಸ್ ಜಾರಿಯ ವೆಚ್ಚ ಎಂದು ಸಾಲುಸಾಲಾಗಿ ಬರೆದು, ಪ್ರತಿಯೊಂದರ ಎದುರು ರೂಪಾಯಿ ಪೈಸೆಗಳನ್ನು ತುಂಬಿ, ಕೊನೆಗೆ ಒಟ್ಟು ಹಾಕಲಾಗಿರುತ್ತದೆ. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಾನೂನುಬದ್ಧವಾಗಿ ದಾಟುವ ಖರ್ಚು ಈ ಪಟ್ಟಿಯಲ್ಲಿರುವಷ್ಟು ಮಾತ್ರ.

ಈ ಪಟ್ಟಿಯಲ್ಲಿ ಕಕ್ಷಿದಾರರಿಗೆ ಅತಿ ಹೆಚ್ಚು ನಿರಾಶೆ ತರುವ ಸಾಲು ವಕೀಲರ ಶುಲ್ಕದ್ದು. ಅಲ್ಲಿ ನಮೂದಾಗುವುದು ಕಕ್ಷಿದಾರರು ತಮ್ಮ ವಕೀಲರಿಗೆ ನಿಜವಾಗಿ ಕೊಟ್ಟ ಹಣವಲ್ಲ, ನಿಯಮಗಳು ದಾವೆಯ ಬಗೆ ಮತ್ತು ಮೌಲ್ಯಕ್ಕೆ ತಕ್ಕಂತೆ ಗೊತ್ತುಪಡಿಸಿದ ಮೊತ್ತ. ಸರ್ವೋಚ್ಚ ನ್ಯಾಯಾಲಯ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಗೆದ್ದವರಿಗೆ ವಾಸ್ತವಕ್ಕೆ ಹತ್ತಿರವಾದ ಖರ್ಚು ಸಿಗುವಂತೆ ಉಚ್ಚ ನ್ಯಾಯಾಲಯಗಳು ನಿಯಮಗಳನ್ನು ರೂಪಿಸಬೇಕೆಂದು ಹೇಳಿತು. ಕರ್ನಾಟಕದ ವಕೀಲವೃತ್ತಿಯಿಂದಲೇ ಮೇಲೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರ ವಿನೋದ್ ಸೇಠ್ ಪ್ರಕರಣದಲ್ಲಿಯೂ 2011ರ ಸಂಜೀವ್ ಕುಮಾರ್ ಜೈನ್ ಪ್ರಕರಣದಲ್ಲಿಯೂ, ಖರ್ಚಿನ ಮೊತ್ತ ಅತ್ಯಲ್ಪವಾದರೆ ಸುಳ್ಳು ದಾವೆ ಹೂಡುವವರಿಗೆ ಭಯವಿರುವುದಿಲ್ಲವೆಂಬುದನ್ನು ವಿಸ್ತಾರವಾಗಿ ವಿವರಿಸಿದರು. ಆದರೆ ಎರಡನೆಯ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ವಿಧಿಸಿದ್ದ 45 ಲಕ್ಷ ರೂಪಾಯಿಗೂ ಮೀರಿದ ಖರ್ಚು ಊರ್ಜಿತವಾಗಲಿಲ್ಲ. ನಿಯಮಗಳನ್ನು ಬದಿಗಿಟ್ಟು ನೈಜ ವೆಚ್ಚವನ್ನೇ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2012ರಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 240ನೆಯ ವರದಿಯನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿತು. ತಾಲ್ಲೂಕು ನ್ಯಾಯಾಲಯದ ಸಾಮಾನ್ಯ ಕಕ್ಷಿದಾರರ ಸಂಕಟ ಮಾತ್ರ ಇವೆಲ್ಲದರಿಂದ ಹೆಚ್ಚೇನೂ ಕಡಿಮೆಯಾಗಿಲ್ಲವೆಂದೇ ಹೇಳಬೇಕು.

ಹಾಗಿದ್ದರೂ ನಿಯಮದ ಮಿತಿಯೊಳಗೆ ಬರಬೇಕಾದುದನ್ನು ಪೂರ್ತಿಯಾಗಿ ಪಡೆಯುವುದು ಕಕ್ಷಿದಾರರ ಕೈಯಲ್ಲೇ ಇದೆ. ತೀರ್ಪು ಬಂದ ನಂತರ ಡಿಕ್ರಿ ಸಿದ್ಧವಾಗುವುದರೊಳಗೆ ವಕೀಲರ ಮೂಲಕ ಖರ್ಚಿನ ತಖ್ತೆಯನ್ನು, ಎಂದರೆ ಬಾಬುವಾರು ವೆಚ್ಚದ ಪಟ್ಟಿಯನ್ನು, ರಶೀದಿಗಳೊಂದಿಗೆ ಸಲ್ಲಿಸಬೇಕು. ಸಂಹಿತೆಯ 20-ಎ ಆದೇಶವು ದಾವೆಗೆ ಮುಂಚೆ ಕಾನೂನು ಪ್ರಕಾರ ಕೊಡಲೇಬೇಕಾದ ನೋಟಿಸಿನ ಖರ್ಚು, ವಾದಪತ್ರ ಮೊದಲಾದವುಗಳ ಟೈಪಿಂಗ್ ಖರ್ಚು, ದಾಖಲೆ ಪರಿಶೀಲನೆಗೆ ಕಟ್ಟಿದ ಶುಲ್ಕ, ನ್ಯಾಯಾಲಯದ ಮೂಲಕ ಕರೆಸದೆ ತಾವೇ ಕರೆತಂದ ಸಾಕ್ಷಿಗಳ ವೆಚ್ಚ, ಮೇಲ್ಮನವಿಗೆ ಬೇಕಾದ ತೀರ್ಪು ಮತ್ತು ಡಿಕ್ರಿಯ ನಕಲುಗಳ ಖರ್ಚು ಇವನ್ನೂ ಕೊಡಿಸಬಹುದೆಂದು ಹೇಳುತ್ತದೆ. ರಶೀದಿ ಇಲ್ಲದವರು ಇವುಗಳನ್ನು ಕೇಳುವುದಾದರೂ ಹೇಗೆ? ಆದ್ದರಿಂದ ಮೊದಲ ನೋಟಿಸಿನ ಅಂಚೆ ರಶೀದಿಯಿಂದಲೇ ಪ್ರತಿಯೊಂದು ಚೀಟಿಯನ್ನೂ ಒಂದು ಕಡತದಲ್ಲಿ ಜೋಡಿಸಿಡುವುದು ಅಗತ್ಯ.

ಖರ್ಚಿನ ಆದೇಶವಾದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ. ಸೋತವರು ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಎಂದರೆ ಡಿಕ್ರಿಯನ್ನು ಜಾರಿಗೆ ತರುವಂತೆ ಕೋರುವ ಅರ್ಜಿ, ಸಲ್ಲಿಸಿ ವಸೂಲು ಮಾಡಿಕೊಳ್ಳಬೇಕು. ಇದಕ್ಕೆ 1963ರ ಕಾಲಮಿತಿ ಕಾಯ್ದೆ 12 ವರ್ಷಗಳ ಅವಧಿ ಕೊಟ್ಟಿದೆ.

ಪಾಲಿನ ದಾವೆ

ಈ ನಾಲ್ಕೂ ತಾಲ್ಲೂಕುಗಳು ಬೇಸಾಯವನ್ನೇ ನಂಬಿದ ಪ್ರದೇಶಗಳು. ಇಲ್ಲಿ ಕುಟುಂಬದ ಒಳಗಿನ ಪಾಲು ವಿಭಾಗದ ದಾವೆಯಷ್ಟು ದೀರ್ಘವಾಗಿ ಜನರನ್ನು ಹಿಡಿದಿಡುವ ವ್ಯಾಜ್ಯ ಇನ್ನೊಂದಿಲ್ಲ. ಖರ್ಚಿನ ಸಾಮಾನ್ಯ ತತ್ವ ಅತ್ಯಂತ ಸಡಿಲವಾಗಿ ಅನ್ವಯವಾಗುವುದೂ ಇಲ್ಲಿಯೇ. ಪಕ್ಷಕಾರರ ನಡುವಿನ ಸಂಬಂಧವನ್ನು ಗಮನದಲ್ಲಿಟ್ಟು ಖರ್ಚಿನ ಬಗ್ಗೆ ಆದೇಶವಿಲ್ಲವೆಂದು ನ್ಯಾಯಾಲಯಗಳು ಬರೆಯುವುದು ವಾಡಿಕೆ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ತಮ್ಮ ತಮ್ಮ ವಕೀಲರ ಹಣವನ್ನು ತಾವೇ ಹೊರಬೇಕಾಗುತ್ತದೆಂಬುದನ್ನು ದಾವೆಗೆ ಮುಂಚೆಯೇ ತಿಳಿದಿರುವುದು ಉಚಿತ.

ಪಾಲಿನ ದಾವೆಯ ಶುಲ್ಕ ಒಂದು ಪ್ರಶ್ನೆಯ ಮೇಲೆ ನಿಂತಿದೆ: ವಾದಿ ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದಾರೆಯೇ, ಇಲ್ಲವೇ? ಜಂಟಿ ಸ್ವಾಧೀನದಲ್ಲಿದ್ದರೆ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೆಯ ಕಲಂ ಎರಡನೆಯ ಉಪಕಲಂ ಪ್ರಕಾರ ಪಾಲಿನ ಮೌಲ್ಯ 10,000 ರೂಪಾಯಿಯನ್ನು ಎಷ್ಟೇ ಮೀರಿದರೂ ಶುಲ್ಕ 200 ರೂಪಾಯಿ ಮಾತ್ರ. ಸ್ವಾಧೀನದಿಂದ ಹೊರಗಿಡಲ್ಪಟ್ಟಿದ್ದರೆ ತಮ್ಮ ಪಾಲಿನ ಮೌಲ್ಯದ ಮೇಲೆ ಪೂರ್ಣ ಶುಲ್ಕ ಕಟ್ಟಬೇಕು. ಮದುವೆಯಾಗಿ ಬೇರೆ ಊರಿನಲ್ಲಿ ನೆಲೆಸಿದ ಹೆಣ್ಣುಮಕ್ಕಳು ಪಾಲು ಕೇಳಿದಾಗ, ಅವರಿಗೆ ಜಮೀನಿನ ಸ್ವಾಧೀನವೇ ಇಲ್ಲ, ಪೂರ್ಣ ಶುಲ್ಕ ಕಟ್ಟಲಿ ಎಂಬ ತಕರಾರು ಪ್ರತಿವಾದಿಗಳಿಂದ ಬರುವುದುಂಟು. ಸಹಮಾಲೀಕರಲ್ಲಿ ಒಬ್ಬರ ಸ್ವಾಧೀನವನ್ನು ಎಲ್ಲರ ಸ್ವಾಧೀನವೆಂದೇ ಕಾನೂನು ಭಾವಿಸುತ್ತದೆ, ಆದಾಯದಲ್ಲಿ ಪಾಲು ಕೊಡದಿದ್ದ ಮಾತ್ರಕ್ಕೆ ಸ್ವಾಧೀನ ತಪ್ಪಿದಂತಾಗುವುದಿಲ್ಲ, ಮತ್ತು ಶುಲ್ಕವನ್ನು ವಾದಪತ್ರದ ಒಟ್ಟು ಕಥನದ ಮೇಲೆ ನಿರ್ಣಯಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1980ರಷ್ಟು ಹಿಂದೆಯೇ ನೀಲಾವತಿ ಪ್ರಕರಣದಲ್ಲಿ ಹೇಳಿದೆ. ವಾದಪತ್ರದಲ್ಲಿ "ನನ್ನನ್ನು ಹೊರಹಾಕಿದ್ದಾರೆ" ಎಂಬಂತಹ ಮಾತು ಅಜಾಗರೂಕತೆಯಿಂದ ಸೇರಿದರೆ 200 ರೂಪಾಯಿಯಲ್ಲಿ ಮುಗಿಯಬೇಕಾದ ಶುಲ್ಕ ಬಹಳ ಪಟ್ಟು ಹೆಚ್ಚಬಹುದಾದ್ದರಿಂದ, ಕರಡನ್ನು ವಕೀಲರಿಂದ ಓದಿಸಿ ಕೇಳಿ ಸಹಿ ಹಾಕಬೇಕು. ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದಲೂ 2020ರ ವಿನೀತಾ ಶರ್ಮಾ ತೀರ್ಪಿನಿಂದಲೂ ಸ್ಥಿರವಾಗಿರುವಾಗ, ಶುಲ್ಕದ ಹೆದರಿಕೆಗೆ ಆ ಹಕ್ಕನ್ನು ಕೈಬಿಡುವುದು ಯಾವ ಹೆಣ್ಣುಮಗಳಿಗೂ ಬರಬಾರದ ಸ್ಥಿತಿ.

ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟನೆಯ ಪಾಲು ಎಂಬುದನ್ನು ಮಾತ್ರ ಹೇಳುತ್ತದೆ. ಆಸ್ತಿಯನ್ನು ಅಳೆದು ಹಂಚಿಕೊಡುವ ಅಂತಿಮ ಡಿಕ್ರಿಯ ನಡವಳಿ ಬೇರೆಯಾಗಿ ನಡೆಯುತ್ತದೆ ಮತ್ತು ಖರ್ಚಿನ ಎರಡನೆಯ ಅಧ್ಯಾಯ ಅಲ್ಲಿಂದ ತೊಡಗುತ್ತದೆ. ಕಂದಾಯದ ಜಮೀನನ್ನು ಸಂಹಿತೆಯ 54ನೆಯ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಮೂಲಕ ವಿಭಜಿಸಬೇಕು, ಮನೆ ಮುಂತಾದವುಗಳಿಗೆ ಕೋರ್ಟ್ ಕಮಿಷನರನ್ನು ನೇಮಿಸಬೇಕು, ಅವರ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು, ಕೊನೆಗೆ ಅಂತಿಮ ಡಿಕ್ರಿಯನ್ನು ಕರ್ನಾಟಕ ಸ್ಟಾಂಪು ಕಾಯ್ದೆಯಂತೆ ಛಾಪಾ ಕಾಗದದ ಮೇಲೆ ಬರೆಸಬೇಕು. ಈ ಹಂತದಿಂದ ಪ್ರತಿಯೊಬ್ಬ ಪಾಲುದಾರರಿಗೂ ಪ್ರಯೋಜನವಾಗುವುದರಿಂದ ವೆಚ್ಚವನ್ನು ಪಾಲಿಗೆ ತಕ್ಕಂತೆ ಹಂಚುವಂತೆ ನ್ಯಾಯಾಲಯವನ್ನು ಕೇಳುವುದು ನ್ಯಾಯವಾದುದು. ಒಬ್ಬರೇ ಮೊದಲು ಕಟ್ಟಿದ್ದರೆ ಅದನ್ನು ಆದೇಶದಲ್ಲಿ ನಮೂದು ಮಾಡಿಸಿಕೊಳ್ಳಬೇಕು.

ವಾಯಿದೆ, ಸುಳ್ಳು ದಾವೆ ಮತ್ತು ದಂಡದ ಖರ್ಚು

ವ್ಯಾಜ್ಯದ ಖರ್ಚನ್ನು ನಿಜವಾಗಿ ಬೆಳೆಸುವುದು ವಾಯಿದೆ, ಎಂದರೆ ವಿಚಾರಣೆಯ ಮುಂದೂಡಿಕೆ. ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಂಹಿತೆಯ 17ನೆಯ ಆದೇಶ ಹೇಳುತ್ತದೆ. ಕೊಟ್ಟ ವಾಯಿದೆಗೂ ಖರ್ಚು ವಿಧಿಸಬಹುದು. ಇದಕ್ಕಿಂತ ಬಲವಾದುದು 1976ರ ತಿದ್ದುಪಡಿಯಿಂದ ಸೇರಿದ 35-ಬಿ ಕಲಂ. ಮಾಡಬೇಕಾದ ಕೆಲಸವನ್ನು ನಿಗದಿಯಾದ ದಿನ ಮಾಡದೆ ಅಥವಾ ವಾಯಿದೆ ಕೇಳಿ ವಿಳಂಬ ಮಾಡಿದ ಪಕ್ಷವು, ಆ ದಿನ ಎದುರು ಪಕ್ಷ ನ್ಯಾಯಾಲಯಕ್ಕೆ ಬಂದದ್ದಕ್ಕೆ ತಗಲಿದ ಖರ್ಚನ್ನು ತುಂಬಿಕೊಡುವಂತೆ ಈ ಕಲಂ ಅಡಿ ಆದೇಶಿಸಬಹುದು. ಮುಂದಿನ ತಾರೀಖಿನಂದು ಆ ಹಣ ಕಟ್ಟದಿದ್ದರೆ ವಾದಿಯಾದವನು ದಾವೆಯನ್ನೂ ಪ್ರತಿವಾದಿಯಾದವನು ಪ್ರತಿವಾದವನ್ನೂ ಮುಂದುವರಿಸುವಂತಿಲ್ಲ. ಸಾಕ್ಷಿಗಳನ್ನು ಹಳ್ಳಿಯಿಂದ ಕರೆತಂದ ದಿನ ಎದುರಾಳಿ ವಾಯಿದೆ ಕೇಳಿದರೆ, ಅಂದಿನ ಖರ್ಚನ್ನು ಅಂದೇ ಕೇಳುವಂತೆ ಕಕ್ಷಿದಾರರು ತಮ್ಮ ವಕೀಲರಿಗೆ ಹೇಳಬೇಕು. ಹಾಗೆ ಪಡೆದ ಹಣ ಡಿಕ್ರಿಯ ಖರ್ಚಿನಲ್ಲಿ ಸೇರುವುದಿಲ್ಲವಾದ್ದರಿಂದ ಅಂದು ಬಿಟ್ಟದ್ದು ಕೊನೆಯಲ್ಲಿ ಸಿಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಹಾಜರಾಗದೆ ಏಕಪಕ್ಷೀಯ ಡಿಕ್ರಿ ಮಾಡಿಸಿಕೊಂಡು ನಂತರ ಅದನ್ನು ರದ್ದು ಮಾಡಲು ಬರುವವರ ಮೇಲೂ ಖರ್ಚಿನ ಷರತ್ತು ಹಾಕಬಹುದು.

ಸುಳ್ಳೆಂದು ತಿಳಿದೂ ಹೂಡಿದ, ಬರೀ ಕಿರುಕುಳದ ದಾವೆಗೆ 35-ಎ ಕಲಂ ಅಡಿ ಪರಿಹಾರರೂಪದ ಖರ್ಚನ್ನು ಕೊಡಿಸಬಹುದು. ಆದರೆ ಅದರ ಗರಿಷ್ಠ ಮಿತಿ 3,000 ರೂಪಾಯಿ. ಈ ಮಿತಿಯನ್ನು ಏರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದ್ದರೂ ಅಂಕಿ ಹಾಗೆಯೇ ಉಳಿದಿರುವುದು ವಿಷಾದದ ಸಂಗತಿ. ಹೆಚ್ಚು ಉಪಯುಕ್ತವಾದುದು 95ನೆಯ ಕಲಂ: ಸಾಕಷ್ಟು ಆಧಾರವಿಲ್ಲದೆ ತಂದ ತಡೆಯಾಜ್ಞೆಯಿಂದ ಅಥವಾ ಜಪ್ತಿಯಿಂದ ನಷ್ಟ ಅನುಭವಿಸಿದ ಪ್ರತಿವಾದಿಗೆ 50,000 ರೂಪಾಯಿವರೆಗೆ ಪರಿಹಾರ ಕೊಡಿಸಲು ಅದು ಅವಕಾಶ ಕೊಡುತ್ತದೆ. ಬಿತ್ತನೆಯ ಹೊತ್ತಿಗೆ ಸುಳ್ಳು ತಡೆಯಾಜ್ಞೆ ತಂದು ಮುಂಗಾರನ್ನು ಕಳೆದುಕೊಳ್ಳುವಂತೆ ಮಾಡಿದ ಪ್ರಸಂಗಗಳಲ್ಲಿ ಈ ಕಲಂ ರೈತರಿಗೆ ನೆನಪಿರಬೇಕು.

ವ್ಯಾಪಾರಿಗಳ ನಡುವಿನ, 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ವಕೀಲರ ಶುಲ್ಕವೂ ಸೇರಿದಂತೆ ಯುಕ್ತವಾದ ಖರ್ಚನ್ನು ಸೋತವರು ಕೊಡಬೇಕೆಂಬ ನಿಯಮ ಹೆಚ್ಚು ಬಿಗಿಯಾಗಿದೆ, 3,000 ರೂಪಾಯಿಯ ಮಿತಿಯೂ ಇಲ್ಲ. ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ಹಣವಿಲ್ಲದವರ ಖರ್ಚು

ಕೋರ್ಟ್ ಫೀ ಕಟ್ಟುವಷ್ಟು ಅನುಕೂಲವಿಲ್ಲದವರು ಸಂಹಿತೆಯ 33ನೆಯ ಆದೇಶದಡಿ ನಿರ್ಗತಿಕ ವಾದಿಯಾಗಿ ದಾವೆ ಹೂಡಲು ಅನುಮತಿ ಕೇಳಬಹುದು. ಜಪ್ತಿಯಿಂದ ವಿನಾಯಿತಿ ಪಡೆದ ಆಸ್ತಿ, ಉದಾಹರಣೆಗೆ ಬೇಸಾಯಗಾರನ ಉಳುಮೆಯ ಸಲಕರಣೆ, ದನಕರು, ವಾಸದ ಮನೆ ಇವನ್ನೂ ದಾವೆಗೆ ವಿಷಯವಾದ ಆಸ್ತಿಯನ್ನೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಶುಲ್ಕದ ಮಾಫಿಯಲ್ಲ, ಮುಂದೂಡಿಕೆ ಮಾತ್ರ. ವಾದಿ ಗೆದ್ದರೆ ಆ ಶುಲ್ಕವನ್ನು ಕೊಡಬೇಕೆಂದು ಆದೇಶವಾದವರಿಂದ ರಾಜ್ಯ ಸರ್ಕಾರ ವಸೂಲು ಮಾಡುತ್ತದೆ ಮತ್ತು ಅದು ದಾವೆಯ ಆಸ್ತಿಯ ಮೇಲೆ ಮೊದಲ ಹೊಣೆಯಾಗಿ ಕೂರುತ್ತದೆ. ಸೋತರೆ ವಾದಿಯೇ ಕಟ್ಟುವಂತೆ ಆದೇಶವಾಗಬಹುದು.

ಇದಕ್ಕಿಂತ ಸುಲಭವಾದ ದಾರಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯದು. ಅದರ 12ನೆಯ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ. ಅದೇ ಕಲಂ ನೆರೆ ಮತ್ತು ಬರಗಾಲದ ಸಂತ್ರಸ್ತರನ್ನೂ ಹೆಸರಿಸುತ್ತದೆ. ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಜಗಳೂರಿನಂತಹ ತಾಲ್ಲೂಕಿನ ರೈತರಿಗೂ, ತುಂಗಭದ್ರೆ ಉಕ್ಕಿದಾಗ ತೊಂದರೆಗೊಳಗಾಗುವ ಹೊನ್ನಾಳಿ ಕಡೆಯವರಿಗೂ ಇದು ದೊಡ್ಡ ಆಸರೆಯಾಗಬಲ್ಲದು. ನೆರವೆಂದರೆ ವಕೀಲರ ನೇಮಕ ಮಾತ್ರವಲ್ಲ. ನ್ಯಾಯಾಲಯ ಶುಲ್ಕ, ಪ್ರೋಸೆಸ್ ಫೀ, ನಕಲುಗಳ ವೆಚ್ಚವೂ ಅದರಲ್ಲಿ ಸೇರುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಸಾಕು. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಸರಕು ಅಥವಾ ಸೇವೆಯ ದೋಷದ ದೂರನ್ನು ಸಿವಿಲ್ ದಾವೆಯಾಗಿಸದೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ದರೆ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವೇ ಇಲ್ಲ.

ರಾಜಿ ಮತ್ತು ಶುಲ್ಕದ ಮರುಪಾವತಿ

ಖರ್ಚಿನ ವಿಷಯದಲ್ಲಿ ಹೊನ್ನಾಳಿಯ ಹೆಸರು ರಾಜ್ಯದ ಗಡಿ ದಾಟಿ ದಾಖಲಾಗಿದೆ. ಹೊನ್ನಾಳಿ ತಾಲ್ಲೂಕು ಕೃಷಿ ಉತ್ಪನ್ನ ಸಹಕಾರ ಮಾರಾಟ ಸಂಘವು ಎದುರು ಪಕ್ಷವಾಗಿದ್ದ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ವ್ಯಾಜ್ಯ ರಾಜಿಯಲ್ಲಿ ಮುಗಿದಾಗ ಕಟ್ಟಿದ ನ್ಯಾಯಾಲಯ ಶುಲ್ಕವನ್ನು ಪಕ್ಷಕಾರರಿಗೆ ಹಿಂದಿರುಗಿಸುವ ಪ್ರಶ್ನೆಯನ್ನು ಪರಿಶೀಲಿಸಿ ಅವರಿಗೆ ಅನುಕೂಲವಾದ ನಿಲುವು ತಳೆಯಿತು. 2010ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪನ್ನು, ತಮಿಳುನಾಡಿನಿಂದ ಬಂದ ಎಂ.ಸಿ. ಸುಬ್ರಮಣಿಯಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರುವರಿ 17ರಂದು ಉಲ್ಲೇಖಿಸಿ, ನ್ಯಾಯಾಲಯದ ಮಧ್ಯಪ್ರವೇಶವಿಲ್ಲದೆ ತಾವೇ ಕೂತು ಮಾತಾಡಿ ರಾಜಿಯಾದವರನ್ನೂ ಮರುಪಾವತಿಯಿಂದ ವಂಚಿಸಬಾರದೆಂದು ಹೇಳಿತು. ಆ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಎಂ. ಶಾಂತನಗೌಡರ್. ಸಹಕಾರ ಸಂಘದ ಒಂದು ಸಾಧಾರಣ ವ್ಯಾಜ್ಯ ದೇಶದ ಕಕ್ಷಿದಾರರೆಲ್ಲರಿಗೂ ಹೀಗೆ ಉಪಕಾರಿಯಾದುದು ಈ ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಲೋಕ ಅದಾಲತ್ತಿನಲ್ಲಿ ರಾಜಿಯಾದ ಪ್ರಕರಣಗಳಿಗೆ ಶುಲ್ಕ ಮರುಪಾವತಿಯ ಹಕ್ಕನ್ನು 1987ರ ಕಾಯ್ದೆಯ 21ನೆಯ ಕಲಂ ನೇರವಾಗಿಯೇ ಕೊಟ್ಟಿದೆ, ಮತ್ತು ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ಮುಂದಿನ ಹಂತಗಳ ಖರ್ಚೂ ಉಳಿಯುತ್ತದೆ. ರಾಜಿ ಪತ್ರದಲ್ಲಿ ಶುಲ್ಕ ಮರುಪಾವತಿಯ ಕೋರಿಕೆಯನ್ನು ಒಂದು ಸಾಲಿನಲ್ಲಿ ಸೇರಿಸಿ, ಆದೇಶದಲ್ಲೂ ಅದು ಬರುವಂತೆ ನೋಡಿಕೊಳ್ಳಬೇಕು. ರಾಜಿಯೂ ಇಲ್ಲದೆ ನ್ಯಾಯಾಲಯದ ಅನುಮತಿಯೂ ಇಲ್ಲದೆ ದಾವೆಯನ್ನು ಹಿಂತೆಗೆದುಕೊಂಡ ವಾದಿ ಮಾತ್ರ ಎದುರಾಳಿಯ ಖರ್ಚಿಗೆ ಹೊಣೆಯಾಗಬೇಕಾಗುತ್ತದೆ ಮತ್ತು ಅದೇ ಕಾರಣಕ್ಕೆ ಮತ್ತೆ ದಾವೆ ಹೂಡುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ವಕೀಲರೊಂದಿಗಿನ ಲೆಕ್ಕದ ಬಗ್ಗೆ ಎರಡು ಸಂಗತಿಗಳನ್ನು ಹೇಳಬೇಕು. ಗೆದ್ದರೆ ಆಸ್ತಿಯಲ್ಲಿ ಅಥವಾ ಹಣದಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಶುಲ್ಕ ಬಾಕಿ ಇದೆಯೆಂಬ ಕಾರಣಕ್ಕೆ ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿದೆ. ಒಟ್ಟು ಶುಲ್ಕವೆಷ್ಟು, ಅದರಲ್ಲಿ ಮೇಲ್ಮನವಿ ಮತ್ತು ಅಮಲ್ಜಾರಿ ಸೇರಿದೆಯೇ ಎಂಬುದನ್ನು ವಕಾಲತ್ತಿಗೆ ಸಹಿ ಹಾಕುವ ದಿನವೇ ಮಾತಾಡಿ ಬರೆದಿಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದು.

ತೀರ್ಪು ಬಂದ ಮೇಲೆ ಡಿಕ್ರಿಯ ನಕಲಿಗೆ ಕೂಡಲೇ ಅರ್ಜಿ ಹಾಕಿ, ಅದರ ಕೆಳಗಿನ ಖರ್ಚಿನ ಪಟ್ಟಿಯನ್ನು ತಮ್ಮಲ್ಲಿರುವ ರಶೀದಿಗಳೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಕೂಡಿಕೆಯಲ್ಲಿ ಅಥವಾ ಬರವಣಿಗೆಯಲ್ಲಿ ತಪ್ಪು ಕಂಡುಬಂದರೆ ಸಂಹಿತೆಯ 152ನೆಯ ಕಲಂ ಅಡಿ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ತಿದ್ದಿಸಿಕೊಳ್ಳಬಹುದು. ಅದಕ್ಕಾಗಿ ಮೇಲ್ಮನವಿ ಹೂಡಬೇಕಾಗಿಲ್ಲ.